ಒಂದು ಕಾಜ ತಪ್ಪಿದ ಕೋಟು: ಸಣ್ಣ ಪಾತ್ರವೊಂದನ್ನು ಬರೆದ ನನ್ನ ಅನುಭವ

ನಾನು ಚಿತ್ರಕಥೆ ಬರೆದ ಅನಿಮೇಷನ್ ಸರಣಿಯೊಂದರಲ್ಲಿ ಒಬ್ಬ ಬೇಹುಗಾರ ಬರುತ್ತಾನೆ. ತಲಾ 11 ನಿಮಿಷದ 26 ಕಂತುಗಳ ಪೈಕಿ ಅವನಿರುವುದು ಐದರಲ್ಲಿ ಮಾತ್ರ, ಅದೂ ಎಲ್ಲ ಸೇರಿಸಿ ಅಳೆದರೆ 3 ನಿಮಿಷ 40 ಸೆಕೆಂಡು. ಸೆಕೆಂಡಿಗೆ 24 ಫ್ರೇಮಿನ, ಅಂದರೆ ಬಿಡಿ ಚಿತ್ರಗಳ, ಲೆಕ್ಕದಲ್ಲಿ ಅವನ ಆಯುಷ್ಯ 5280 ಫ್ರೇಮು. ಅವನಿಗೆ ಹೆಸರಿಲ್ಲ, ಚಿತ್ರಕಥೆಯ ಹಾಳೆಗಳಲ್ಲಿ ‘ಕೋಟಿನವನು’ ಎಂದಷ್ಟೇ ಇದೆ. ಇಡೀ ಸರಣಿಯಲ್ಲಿ ನನ್ನ ನಿದ್ದೆಯನ್ನು ಹೆಚ್ಚು ಕೆಡಿಸಿದ ಪಾತ್ರ ಅವನದೇ, ಮತ್ತು ನಾನು ಅತಿ ಹೆಚ್ಚು ತಪ್ಪು ಮಾಡಿದ್ದೂ ಅವನ ವಿಷಯದಲ್ಲಿಯೇ.

ಅವನು ಹುಟ್ಟಿದ್ದು ಹಣದ ಅಡಚಣೆಯಿಂದ. ಆರನೆಯ ಕಂತಿನಲ್ಲಿ ಶತ್ರುವಿನ ರಾಜಧಾನಿಯಿಂದ ಒಂದು ನಕ್ಷೆಯನ್ನು ಯಾರಾದರೂ ಹೊರಗೆ ಸಾಗಿಸಬೇಕಿತ್ತು. ಆದರೆ ಅನಿಮೇಷನ್ನಿನಲ್ಲಿ ಹೊಸ ಪಾತ್ರವೊಂದನ್ನು ತರುವುದೆಂದರೆ ಅವನನ್ನು ಮುಂದಿನಿಂದ, ಮುಕ್ಕಾಲು ನೋಟದಲ್ಲಿ, ಪಕ್ಕದಿಂದ ಮತ್ತು ಹಿಂದಿನಿಂದ ಬರೆಯಬೇಕು, ಮುಖಭಾವಗಳ ಹಾಳೆ ಸಿದ್ಧಪಡಿಸಬೇಕು, ಮಾತಿನ ಧ್ವನಿಗಳಿಗೆ ತಕ್ಕ ಬಾಯಿಯ ಆಕಾರಗಳನ್ನೂ ಕೈಗಳ ಹತ್ತಾರು ಭಂಗಿಗಳನ್ನೂ ಮಾಡಿಡಬೇಕು, ಕೊನೆಗೆ ನಡಿಗೆಯ ಸೈಕಲ್, ಅಂದರೆ ಮತ್ತೆ ಮತ್ತೆ ಆಡಿಸಬಹುದಾದ ಹೆಜ್ಜೆಗಳ ಚಿತ್ರಗಳು ಕೂಡ ಬೇಕು. ಇಷ್ಟೆಲ್ಲವನ್ನೂ ಅರ್ಧ ನಿಮಿಷ ಬಂದು ಹೋಗುವವನಿಗಾಗಿ ಮಾಡುವುದಕ್ಕೆ ನಿರ್ಮಾಪಕರು ಒಪ್ಪಲಿಲ್ಲ. ಅವರ ಜಾಗದಲ್ಲಿದ್ದಿದ್ದರೆ ನಾನೂ ಒಪ್ಪುತ್ತಿರಲಿಲ್ಲ. ಹಾಗಾಗಿ ಎರಡನೆಯ ಕಂತಿನ ಮಾರುಕಟ್ಟೆಯ ಜನಜಂಗುಳಿಯಲ್ಲಿ ಹಿಂದೆಲ್ಲೋ ನಿಲ್ಲಿಸಿದ್ದ ಒಬ್ಬ ವಯಸ್ಸಾದವನನ್ನು ಎತ್ತಿ ತಂದೆವು. ಮೀನಖಂಡದವರೆಗೆ ಇಳಿಬಿದ್ದ ಅವನ ಕೋಟು ನಮಗೆ ವರವಾಯಿತು, ಏಕೆಂದರೆ ಕಾಲು ಕಾಣದವನಿಗೆ ನಡಿಗೆ ಬರೆಯುವ ಕೆಲಸ ಮುಕ್ಕಾಲು ಪಾಲು ಉಳಿಯುತ್ತದೆ.

ಅವನನ್ನು ಸಾಯಿಸಬೇಕೆಂಬ ಆಲೋಚನೆ ಆಗ ಇರಲಿಲ್ಲ. ಅದು ಬಂದದ್ದು ಎರಡನೆಯ ಮಹಾಯುದ್ಧದ ಗೂಢಚರ್ಯೆಯ ಇತಿಹಾಸವನ್ನು ಓದುತ್ತಿದ್ದಾಗ. ಬ್ರಿಟನ್ನಿನ ಸ್ಪೆಷಲ್ ಆಪರೇಷನ್ಸ್ ಎಕ್ಸಿಕ್ಯೂಟಿವ್ ಎಂಬ ರಹಸ್ಯ ಸಂಸ್ಥೆ ತನ್ನ ವೈರ್‌ಲೆಸ್ ಆಪರೇಟರುಗಳಿಗೆ ಒಂದು ಗುರುತನ್ನು ಕಲಿಸುತ್ತಿತ್ತು: ಸಂದೇಶದೊಳಗೆ ಗೊತ್ತುಪಡಿಸಿದ ಜಾಗದಲ್ಲಿ ಬೇಕೆಂದೇ ಒಂದು ತಪ್ಪು ಮಾಡಬೇಕು. ತಪ್ಪು ಇದ್ದರೆ ಕಳಿಸಿದವನು ಕ್ಷೇಮ. ಸಂದೇಶ ಅಕ್ಷರ ಅಕ್ಷರವೂ ಸರಿಯಾಗಿದ್ದರೆ ಅವನು ಶತ್ರುವಿನ ಕೈಯಲ್ಲಿದ್ದಾನೆ. 1942ರ ಮಾರ್ಚ್‌ನಲ್ಲಿ ನೆದರ್‌ಲ್ಯಾಂಡ್ಸಿನ ಹೇಗ್ ನಗರದಲ್ಲಿ ಹ್ಯೂಬರ್ಟ್ ಲಾವರ್ಸ್ ಎಂಬ ಡಚ್ ಆಪರೇಟರ್ ಸೆರೆಯಾದರು. ಜರ್ಮನ್ ಪ್ರತಿಗೂಢಚರ್ಯೆಯ ಹರ್ಮನ್ ಗಿಸ್ಕೆಸ್ ಎಂಬ ಅಧಿಕಾರಿ ಲಾವರ್ಸ್ ಅವರನ್ನು ಅವರದೇ ವೈರ್‌ಲೆಸ್ ಯಂತ್ರದ ಮುಂದೆ ಕೂರಿಸಿ ಲಂಡನ್ನಿಗೆ ಸಂದೇಶ ಕಳಿಸುವಂತೆ ಮಾಡಿದಾಗ ಲಾವರ್ಸ್ ಗೊತ್ತಿದ್ದೇ ಆ ತಪ್ಪನ್ನು ಬಿಟ್ಟುಬಿಟ್ಟರು, ಲಂಡನ್ನಿನವರಿಗೆ ಅರ್ಥವಾಗುತ್ತದೆ ಎಂಬ ಭರವಸೆಯಿಂದ. ಲಂಡನ್ ಗಮನಿಸಲಿಲ್ಲ. ಮುಂದಿನ ತಿಂಗಳುಗಳಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಪ್ಯಾರಾಚೂಟಿನಲ್ಲಿ ಇಳಿದ ಏಜೆಂಟರು ನೇರವಾಗಿ ಕಾದು ನಿಂತವರ ಕೈಗೆ ಬಿದ್ದರು, ಮತ್ತು ಅವರಲ್ಲಿ ಹೆಚ್ಚಿನವರು ಬದುಕಿ ಮರಳಲಿಲ್ಲ. ಲಾವರ್ಸ್ ಬದುಕುಳಿದರು, ಅದೇ ನನ್ನನ್ನು ಹೆಚ್ಚು ಕಾಡಿದ ಸಂಗತಿ.

ಇದೇ ಸಂಸ್ಥೆಗೆ ಕೆಲಸ ಮಾಡಿದ, ಟಿಪ್ಪು ಸುಲ್ತಾನನ ವಂಶದ ನೂರ್ ಇನಾಯತ್ ಖಾನ್ ಅವರ ಕಥೆಯನ್ನೂ ಆಗ ಓದಿದ್ದೆ. 1943ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನಲ್ಲಿ ಅವರು ಸೆರೆಯಾದ ಮೇಲೂ ಅವರ ಹೆಸರಿನಲ್ಲಿ ಜರ್ಮನರು ಲಂಡನ್ನಿಗೆ ಸಂದೇಶ ಕಳಿಸುತ್ತಲೇ ಇದ್ದರು. ಆದರೆ ಅಂಥ ತುಂಬು ಬದುಕನ್ನು ಮೂರೂಮುಕ್ಕಾಲು ನಿಮಿಷಕ್ಕೆ ಹಿಂಡುವುದು ಅನ್ಯಾಯವೆನಿಸಿತು. ನನಗೆ ಬೇಕಿದ್ದದ್ದು ಒಂದೇ ಒಂದು ಚಲನೆ. ಅದಕ್ಕೆ ಲಾವರ್ಸ್ ಅವರು ಬಿಟ್ಟ ಆ ತಪ್ಪು ಸಾಕಿತ್ತು.

ತೊಂದರೆಯೆಂದರೆ, ಸಂಕೇತಲಿಪಿಯ ತಪ್ಪನ್ನು ಪರದೆಯ ಮೇಲೆ ತೋರಿಸಲಾಗದು. ಚಿಕ್ಕ ನೋಡುಗನಿಗೂ ಮಾತಿಲ್ಲದೆ ಕಾಣುವಂಥದ್ದು ಬೇಕು. ಆ ಉದ್ದ ಕೋಟನ್ನೇ ದಿಟ್ಟಿಸುತ್ತ ಕುಳಿತಾಗ ಗುಂಡಿಗಳು ಕಣ್ಣಿಗೆ ಬಿದ್ದವು. ಅವನು ಯಾವಾಗಲೂ ಗುಂಡಿಗಳನ್ನು ಒಂದು ಕಾಜ ತಪ್ಪಿಸಿ ಹಾಕಿಕೊಂಡಿರುತ್ತಾನೆ: ಕತ್ತಿನ ಬಳಿ ಕಾಲರಿನ ಒಂದು ತುದಿ ಮೇಲೆದ್ದಿರುತ್ತದೆ, ಕೆಳಗೆ ಕೋಟಿನ ಒಂದು ಅಂಚು ಅಷ್ಟೇ ಅಳತೆ ಇಳಿದಿರುತ್ತದೆ. ನೋಡುವವರಿಗೆ ಅದು ಮರೆಗುಳಿಯ ಲಕ್ಷಣ, ನಗುವಿಗೆ ವಸ್ತು. ಗುಂಡಿ ಸರಿಯಾಗಿದ್ದರೆ ಮಾತ್ರ ಅವನು ಸಿಕ್ಕಿಬಿದ್ದಿದ್ದಾನೆ ಎಂದರ್ಥ, ಮತ್ತು ಆ ಅರ್ಥ ಯಾರಿಗೂ ತಿಳಿಯದು.

ಮೊದಲ ಕರಡಿನಲ್ಲಿ ಇದನ್ನು ನಾನೇ ಹಾಳುಮಾಡಿದ್ದೆ. ಒಂಬತ್ತನೆಯ ಕಂತಿನಲ್ಲಿ ನಮ್ಮ ಕಥಾನಾಯಕಿ ಅವನ ಗುಂಡಿ ಸರಿಪಡಿಸಲು ಕೈ ಚಾಚಿದಾಗ, “ಬಿಡು ಮಗೂ, ಇದು ಸರಿಯಾಗಿರುವ ದಿನ ನನ್ನನ್ನು ನಂಬಬೇಡ” ಎಂದು ಅವನು ಹೇಳುವಂತೆ ಬರೆದಿದ್ದೆ. ಓದಲು ಚೆನ್ನಾಗಿಯೇ ಇತ್ತು. ಒರಟು ಚಿತ್ರಗಳನ್ನು ಧ್ವನಿಯೊಂದಿಗೆ ಜೋಡಿಸಿದ ಅನಿಮ್ಯಾಟಿಕ್ ನೋಡಿದಾಗ ಮಾತ್ರ ಅದರ ಕೇಡು ತಿಳಿಯಿತು: ಮುಂದೆ ಏನಾಗುತ್ತದೆಂದು ನೋಡುಗ ಅಲ್ಲೇ ಬರೆದಿಟ್ಟುಕೊಳ್ಳುತ್ತಾನೆ, ಅದಕ್ಕಿಂತ ಕೆಟ್ಟದ್ದೆಂದರೆ, ಇಷ್ಟು ಸ್ಪಷ್ಟವಾಗಿ ಹೇಳಿಸಿಕೊಂಡ ನಾಯಕಿ ಆಮೇಲೆ ಎಚ್ಚರ ತಪ್ಪಿದರೆ ಅವಳು ದಡ್ಡಿಯಾಗುತ್ತಾಳೆ. ಮಾತನ್ನು ತೆಗೆದುಹಾಕಿದೆ. ಈಗ ಅವಳು ಕೈ ಚಾಚುತ್ತಾಳೆ, ಅವನು ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾನೆ, ಅಷ್ಟೇ. ನಾಚಿಕೆಯ ಮನುಷ್ಯ ಎಂದುಕೊಂಡು ನಾವೂ ಮುಂದೆ ಸಾಗುತ್ತೇವೆ.

ಇನ್ನು ನನ್ನ ದೊಡ್ಡ ತಪ್ಪು. ಗುಟ್ಟು ಹೊರಬೀಳಬಾರದೆಂಬ ಹುಮ್ಮಸ್ಸಿನಲ್ಲಿ ಗುಂಡಿಯ ಅರ್ಥವನ್ನು ನಿರ್ದೇಶಕರಿಗೆ ಬಿಟ್ಟು ಬೇರಾರಿಗೂ ಹೇಳಿರಲಿಲ್ಲ; ಪಾತ್ರವನ್ನು ಹೇಗೆ ಬರೆಯಬೇಕೆಂದು ತೋರಿಸುವ ಮಾಡೆಲ್ ಶೀಟಿನಲ್ಲಿಯೂ ಬರೆಸಿರಲಿಲ್ಲ. ಚಿತ್ರದಲ್ಲಿ ಕಂಡರೆ ಸಾಕು, ಹಾಗೆಯೇ ಬರೆದುಕೊಳ್ಳುತ್ತಾರೆ ಎಂದುಕೊಂಡಿದ್ದೆ. ನಮ್ಮ ಸರಣಿಯ ಪಾತ್ರಗಳು ರಿಗ್ ಮಾಡಿದವು, ಅಂದರೆ ತಲೆ, ಮುಂಡ, ತೋಳುಗಳನ್ನು ಬಿಡಿಬಿಡಿಯಾಗಿ ಒಮ್ಮೆ ಬರೆದು, ಗೊಂಬೆಯಂತೆ ಜೋಡಿಸಿ ಎಲ್ಲ ದೃಶ್ಯಗಳಲ್ಲಿ ಮರಳಿ ಬಳಸುವಂಥವು. ಮುಂಡದ ಒಂದು ಚಿತ್ರ ತಿದ್ದಿದರೆ ಅದನ್ನು ಬಳಸಿದ ಎಲ್ಲ ಶಾಟುಗಳೂ ತಿದ್ದಿಹೋಗುತ್ತವೆ. ಗುಣಮಟ್ಟ ಪರಿಶೀಲಿಸುವ ಹಂತದಲ್ಲಿ ಶ್ರದ್ಧೆಯ ಕೆಲಸಗಾರರೊಬ್ಬರು ಗುಂಡಿ ತಪ್ಪಿರುವುದನ್ನು ಕಂಡು, ಬರೆದವರ ಕಣ್ತಪ್ಪೆಂದು ಭಾವಿಸಿ, ಸರಿಪಡಿಸಿಬಿಟ್ಟರು. ಆರನೆಯ ಮತ್ತು ಒಂಬತ್ತನೆಯ ಕಂತುಗಳು ನನ್ನ ಬಳಿ ಮರಳಿ ಬಂದಾಗ ಕೋಟಿನವನು ಆಗಷ್ಟೇ ಇಸ್ತ್ರಿಯಿಂದ ಎದ್ದು ಬಂದಂತೆ ಅಚ್ಚುಕಟ್ಟಾಗಿ ನಿಂತಿದ್ದ, ಮತ್ತು ನಾಯಕಿ ಏನನ್ನು ಸರಿಪಡಿಸಲು ಕೈ ಚಾಚುತ್ತಾಳೆಂದು ದೇವರಿಗೇ ಗೊತ್ತು.

ಬೇಕೆಂದೇ ಮಾಡಿದ ತಪ್ಪಿನ ಅರ್ಥ ತಿಳಿಯಬೇಕಾದವರಿಗೆ ತಿಳಿಯದೆ ಹೋದ ಕಥೆಯನ್ನು ಓದಿ ನಿಟ್ಟುಸಿರು ಬಿಟ್ಟವನು ನಾನೇ, ಅದನ್ನೇ ನನ್ನ ತಂಡದೊಳಗೆ ಮಾಡಿದವನೂ ನಾನೇ. ಪರಿಶೀಲಿಸಿದವರ ಮೇಲೆ ಸಿಟ್ಟಾಗಲು ನನಗೆ ಯಾವ ಹಕ್ಕೂ ಇರಲಿಲ್ಲ. ರಿಗ್ಗಿನ ಚಿತ್ರವನ್ನು ಹಿಂದಿನಂತೆ ಮಾಡಿ ಶಾಟುಗಳನ್ನು ಮತ್ತೆ ರೆಂಡರ್ ಮಾಡಿ ಅಂತಿಮ ಚಿತ್ರವಾಗಿ ಹೊರತೆಗೆಯಬೇಕಾಯಿತು, ತಿದ್ದಿ ಮತ್ತೆ ಮಾಡಬೇಕಾದ ಶಾಟುಗಳ ರಿಟೇಕ್ ಪಟ್ಟಿ ಉದ್ದವಾಯಿತು, ಕೆಲವರು ರಾತ್ರಿ ಕೂರಬೇಕಾಯಿತು. ಮಾಡೆಲ್ ಶೀಟಿನಲ್ಲಿ ಕೋಟಿನ ಪಕ್ಕ ಕೆಂಪು ಅಕ್ಷರದಲ್ಲಿ “ಗುಂಡಿ ಒಂದು ಕಾಜ ತಪ್ಪಿದೆ. ತಿದ್ದಬೇಡಿ” ಎಂದು ಬರೆಸಿ ಬಾಣ ಹಾಕಿಸಿದೆ. ಆಗ ಇನ್ನೊಂದು ಪ್ರಶ್ನೆ ಎದ್ದಿತು. ಪಾತ್ರ ಎಡಕ್ಕೆ ತಿರುಗಿದಾಗ ಕೆಲಸ ಉಳಿಸಲು ಅದೇ ಚಿತ್ರವನ್ನು ಕನ್ನಡಿಯಂತೆ ಮಗುಚುತ್ತಾರೆ. ಆಗ ಮೇಲೆದ್ದ ಕಾಲರ್ ತುದಿ ಬಲದಿಂದ ಎಡಕ್ಕೆ ಹಾರುತ್ತದೆ. ದೂರದ ಶಾಟುಗಳಲ್ಲಿ ಅದಕ್ಕೆ ಒಪ್ಪಿಕೊಂಡೆ, ಹತ್ತಿರದ ಎರಡು ಶಾಟುಗಳಲ್ಲಿ ಮಾತ್ರ ಬೇರೆಯಾಗಿ ಬರೆಯುವಂತೆ ಬೇಡಿಕೊಂಡೆ.

ಹದಿನಾಲ್ಕನೆಯ ಕಂತಿನಲ್ಲಿ ಅವನಿಂದ ಕೊನೆಯ ಸಂದೇಶ ಬರುತ್ತದೆ. 22 ಸೆಕೆಂಡಿನ ಒಂದು ಫಿಲ್ಮ್ ಸುರುಳಿ. ಬರಿಯ ಗೋಡೆಯ ಮುಂದೆ ಮೇಜಿನ ಹಿಂದೆ ಕುಳಿತು, ದಾರಿ ಸುರಕ್ಷಿತವಾಗಿದೆ, ಎಲ್ಲರೂ ಬರಬಹುದು ಎಂದು ಓದುತ್ತಾನೆ. ಕೋಟಿನ ಗುಂಡಿಗಳೆಲ್ಲ ಸರಿಯಾಗಿವೆ. ದೃಶ್ಯಗಳನ್ನು ಒಂದೊಂದಾಗಿ ಒರಟು ಚಿತ್ರಗಳಲ್ಲಿ ಹಾಕುವ ಸ್ಟೋರಿಬೋರ್ಡ್ ಬರೆಯುತ್ತಿದ್ದ ಹುಡುಗಿ ಇಲ್ಲಿ ಕೈ ನಿಲ್ಲಿಸಿ ನನ್ನನ್ನು ಕೇಳಿದಳು: “ಸಾರ್, ಈ ಗುಂಡಿ ಹಾಕಿದ್ದು ಯಾರು? ಅವನೇ ಹಾಕಿಕೊಂಡನಾ, ಹಿಡಿದವರು ಹಾಕಿಸಿದರಾ?” ನಾನು ಅದನ್ನು ಯೋಚಿಸಿರಲೇ ಇಲ್ಲ. ಹಿಡಿದವರು ಕ್ಯಾಮೆರಾಗಾಗಿ ಅವನನ್ನು ನೀಟುಮಾಡಿದ್ದರೆ ಅದು ಬರೀ ಆಕಸ್ಮಿಕ. ಅವನೇ ಹಾಕಿಕೊಂಡಿದ್ದರೆ, ಕಾವಲಿನವರ ಎದುರಿನಲ್ಲೇ, ಅವರಿಗೆ ವಿಧೇಯತೆಯಂತೆ ಕಾಣುವ ರೀತಿಯಲ್ಲಿ ಅವನು ಕಿರುಚಿದ್ದಾನೆ. ಇಡೀ ಪಾತ್ರ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಹಾಗಾಗಿ ಸುರುಳಿ ಶುರುವಾದಾಗ ಮೊದಲ 10 ಫ್ರೇಮುಗಳ ಕಾಲ ಅವನ ಬೆರಳುಗಳು ಮೇಲಿನ ಗುಂಡಿಯ ಮೇಲೆ ಇರುತ್ತವೆ, ಆಮೇಲೆ ಕೈ ಮೇಜಿಗೆ ಇಳಿಯುತ್ತದೆ. ಆ ಪಾತ್ರದಲ್ಲಿ ಯಾವುದು ಚೆನ್ನಾಗಿದೆ ಎಂದು ಯಾರಾದರೂ ಕೇಳಿದರೆ ನಾನು ಆ ಹುಡುಗಿಯ ಪ್ರಶ್ನೆಯನ್ನು ತೋರಿಸುತ್ತೇನೆ.

ಅನಿಮೇಷನ್ನಿನಲ್ಲಿ ಸಾಮಾನ್ಯವಾಗಿ ಧ್ವನಿಯನ್ನು ಮೊದಲು ಮುದ್ರಿಸಿಕೊಂಡು ತುಟಿಯ ಚಲನೆಯನ್ನು ಅದಕ್ಕೆ ಹೊಂದಿಸುವುದರಿಂದ, ಈ 22 ಸೆಕೆಂಡುಗಳ ಹಣೆಬರಹ ತೀರ್ಮಾನವಾಗುವುದು ಧ್ವನಿಮುದ್ರಣದ ಕೋಣೆಯಲ್ಲಿ. ಕಂಠದಾನ ಮಾಡಿದ ಹಿರಿಯ ಕಲಾವಿದರು ಸರಣಿಯಲ್ಲಿ ಇನ್ನೆರಡು ಪಾತ್ರಗಳಿಗೂ ದನಿಯಾಗಿದ್ದರು. ಮೊದಲ ಟೇಕಿನಲ್ಲಿ ದನಿ ನಡುಗಿಸಿದರು. ಹಾಗೆ ಬೇಡವೆಂದಾಗ ಒಣಗಿದ ದನಿಯಲ್ಲಿ ಓದಿದರು. ಅದೂ ನಟನೆಯಾಗಿಯೇ ಕೇಳಿಸಿತು. ಆಮೇಲೆ ಅವರೇ, ಚೌಕಟ್ಟಿನ ಆಚೆ ಎಷ್ಟು ಜನ ನಿಂತಿದ್ದಾರೆ, ಎಷ್ಟು ದೂರದಲ್ಲಿ ಎಂದು ವಿಚಾರಿಸಿದರು. ಇಬ್ಬರು, ಒಬ್ಬ ಕೈಗೆಟಕುವಷ್ಟು ಹತ್ತಿರ ಎಂದೆ. ಹಾಗಿದ್ದರೆ ನೀವೇ ಬಂದು ನಿಲ್ಲಿ ಎಂದರು. ಮೈಕಿಗೆ ಉಸಿರು ತಾಗದಂತೆ ಅವರ ಹೆಗಲ ಹಿಂದೆ ನಿಂತೆ. ಅವರು ಓದಿದ್ದು ಅವೇ ಮಾತುಗಳು, ಆದರೆ ಈ ಸಲ ಪ್ರತಿ ವಾಕ್ಯವೂ ಮುಗಿಯಬೇಕಾದಲ್ಲಿ ಕೂದಲೆಳೆಯಷ್ಟು ಮೊದಲೇ ಮುಗಿಯುತ್ತಿತ್ತು, ಪರೀಕ್ಷೆಯಲ್ಲಿ ಉತ್ತರ ಒಪ್ಪಿಸುವವನಂತೆ. ಅದನ್ನೇ ಇಟ್ಟುಕೊಂಡೆವು.

ಸುರುಳಿ ಮುಗಿದಾಗ ನಾಯಕಿ ನಗುತ್ತಾಳೆ: “ಅಂತೂ ಇವರು ಗುಂಡಿ ಹಾಕಿಕೊಳ್ಳುವುದನ್ನು ಕಲಿತರಲ್ಲ!” ಮೊದಲ ಪ್ರದರ್ಶನದಲ್ಲಿ ತಂಡದ ಹೊರಗಿನವರೂ ನಕ್ಕರು. ನನಗೆ ಹೊಟ್ಟೆಯೊಳಗೆ ಹೇಗೋ ಆಯಿತು, ಆದರೆ ಕೆಲಸ ಕೆಟ್ಟಿಲ್ಲವೆಂಬುದು ಆ ನಗುವಿನಿಂದಲೇ ಖಾತ್ರಿಯಾಯಿತು.

ಮುಂದಿನ ಕಂತಿನ ಬಲೆ, ಓಟ, ಗುಂಡಿನ ಸದ್ದು ಎಲ್ಲ ಸರಣಿಗಳಲ್ಲಿ ಇರುವಂಥವೇ. ಮಕ್ಕಳೂ ನೋಡುವ ಸರಣಿಯಾದ್ದರಿಂದ ಕೋಟಿನವನ ಸಾವನ್ನು ತೋರಿಸುವಂತಿರಲಿಲ್ಲ, ಹೇಳುವುದಕ್ಕೂ ಆಕ್ಷೇಪವಿತ್ತು. ಇದು ನನಗೆ ಅನುಕೂಲವೇ ಆಯಿತು. ಇಪ್ಪತ್ತನೆಯ ಕಂತಿನಲ್ಲಿ, ಬೇರೇನೋ ಮಾತು ನಡೆಯುತ್ತಿರುವಾಗ, ನಾಯಕಿ ಹೊರಡುವ ಅವಸರದಲ್ಲಿ ತನ್ನ ಕೋಟಿನ ಗುಂಡಿ ಹಾಕಿಕೊಳ್ಳುತ್ತಾಳೆ. ಮೂರನೆಯ ಗುಂಡಿ ತಪ್ಪು ಕಾಜಕ್ಕೆ ಹೋಗುತ್ತದೆ. ಬಿಚ್ಚಲು ಹೋದ ಬೆರಳು ಅಲ್ಲೇ ನಿಲ್ಲುತ್ತದೆ. ಆ ನಿಲುಗಡೆಗೆ ನಿರ್ದೇಶಕರು 48 ಫ್ರೇಮು ಕೇಳಿದರು, ನಾನು 20 ಎಂದೆ, 32ಕ್ಕೆ ರಾಜಿಯಾಯಿತು. ಇಂದಿಗೂ ನನಗೆ ಅದು ಸ್ವಲ್ಪ ಹೆಚ್ಚೇ ಅನಿಸುತ್ತದೆ. ಅವಳು ಏನನ್ನೂ ಹೇಳುವುದಿಲ್ಲ. ಯಾರೋ ಕರೆದಾಗ ಹಾಗೆಯೇ ಹೊರಟುಹೋಗುತ್ತಾಳೆ.

ಅಷ್ಟಕ್ಕೆ ಮುಗಿಯಿತೆಂದುಕೊಂಡಿದ್ದೆ. ಕೊನೆಯ ಕಂತಿನಲ್ಲಿ ರಾಜಧಾನಿಯ ಮಾರುಕಟ್ಟೆ ಮತ್ತೆ ಬರುತ್ತದೆ, ಜನಜಂಗುಳಿ ಬೇಕು, ಸಮಯವಿಲ್ಲ. ಹಿನ್ನೆಲೆಯ ತಂಡದವರು ಹಳೆಯ ಗುಂಪಿನ ಪಾತ್ರಗಳನ್ನೇ ತೆಗೆದು ತುಂಬಿಸಿದರು. ಪರಿಶೀಲನೆಗೆ ಬಂದ ಪ್ರತಿಯನ್ನು ನೋಡುತ್ತಿದ್ದೇನೆ, ಎಡಗಡೆಯಿಂದ ಉದ್ದ ಕೋಟಿನ ವಯಸ್ಸಾದವನೊಬ್ಬ ನಿಧಾನವಾಗಿ ದಾಟಿಹೋಗುತ್ತಾನೆ, ಕಾಲರಿನ ಒಂದು ತುದಿ ಮೇಲೆದ್ದಿದೆ. ಕೆಂಪು ಅಕ್ಷರದ ನನ್ನ ಸೂಚನೆಯನ್ನು ಈ ಸಲ ಎಲ್ಲರೂ ಚಾಚೂ ತಪ್ಪದೆ ಪಾಲಿಸಿದ್ದರು. ತಂಡದ ಇಬ್ಬರಿಗೆ ಅದು ಬಹಳ ಹಿಡಿಸಿತು. ಇರಲಿ ಬಿಡಿ, ಬದುಕಿದ್ದಾನೆ ಎಂದುಕೊಳ್ಳುವವರು ಅಂದುಕೊಳ್ಳಲಿ ಎಂದರು. ನಿರ್ದೇಶಕರೂ ನನ್ನ ಮುಖ ನೋಡಿದರು. ಒಂದು ದಿನ ತೆಗೆದುಕೊಂಡೆ. ಮರುದಿನ ರಿಟೇಕ್ ಪಟ್ಟಿಯ ಕೊನೆಗೆ ಆ ಶಾಟಿನ ಸಂಖ್ಯೆ ಬರೆದು, ಅದರ ಮುಂದೆ “ಗುಂಡಿ ಸರಿಪಡಿಸಿ” ಎಂದು ನಾನೇ ಬರೆದುಕೊಟ್ಟೆ.