ಕ್ರೋಶಾದ ಕಾಫಿ ಲೋಟ ನೆಟ್ಟಗೆ ನಿಲ್ಲಬೇಕಾದರೆ

ನವರಾತ್ರಿ ಹತ್ತಿರ ಬಂದಾಗ ಹುಡುಗಿಯರು ಕ್ರೋಶಾ ಕಡ್ಡಿ ಹಿಡಿದು ಕೂರುವುದನ್ನು ನೋಡಿದರೆ ನನಗೆ ಸಂತೋಷವಾಗುತ್ತದೆ. ಅವರು ಹೆಣೆದು ತರುವ ಲೋಟ, ಕುಕ್ಕರು, ಒರಳುಕಲ್ಲುಗಳನ್ನು ನೋಡಿದಾಗ ಆ ಸಂತೋಷ ಉಳಿಯುವುದಿಲ್ಲ. ಲೋಟದ ತಳ ಉಬ್ಬಿ ಗೊಂಬೆಗಳ ನಡುವೆ ಉರುಳುತ್ತಿರುತ್ತದೆ, ಒಳಗೆ ತುಂಬಿದ್ದು ಸಂದುಗಳಲ್ಲಿ ಬೆಳ್ಳಗೆ ಇಣುಕುತ್ತಿರುತ್ತದೆ, ಇದೆಲ್ಲ ಸಾಲದೆಂಬಂತೆ ಎರಡು ಪ್ಲಾಸ್ಟಿಕ್ ಕಣ್ಣುಗಳನ್ನು ಅಂಟಿಸಿರುತ್ತಾರೆ. ಕಣ್ಣು ಅಂಟಿಸಿದ ಮಾತ್ರಕ್ಕೆ ವಸ್ತು ತಮಾಷೆಯಾಗುವುದಿಲ್ಲ. ನೋಡಿದವರು ಮೊದಲು ‘ಇದು ನಮ್ಮ ಮನೆಯ ಲೋಟವೇ’ ಎಂದು ಗುರುತು ಹಿಡಿಯಬೇಕು. ನಗು ಬರುವುದು ಆಮೇಲೆ.

ಮೈಸೂರಿನ ನಮ್ಮ ತವರಿನಲ್ಲಿ ಪಟ್ಟದ ಗೊಂಬೆಗಳು ಮೇಲಿನ ಮೆಟ್ಟಿಲಿನಲ್ಲಿ, ಶೆಟ್ಟರ ಅಂಗಡಿ ಎಲ್ಲಕ್ಕಿಂತ ಕೆಳಗೆ. ರೇಡಿಯೋಗೆ ಹೊದಿಕೆ, ಬಾಗಿಲಿಗೆ ತೋರಣ ಎಂದು ವರ್ಷವಿಡೀ ಹೆಣೆಯುತ್ತಿದ್ದ ನನ್ನ ಸೋದರತ್ತೆ, ಉಳಿದ ದಾರದ ತುಂಡುಗಳಲ್ಲಿ ಆ ಅಂಗಡಿಗೆಂದು ಪುಟ್ಟ ಮೊರ, ಕಡಗೋಲು, ಪೊರಕೆಗಳನ್ನು ಮಾಡುತ್ತಿದ್ದರು. ಪೊರಕೆ ಶೆಟ್ಟರಿಗಿಂತ ಒಂದು ಬೆರಳು ಎತ್ತರವಾಗಿರುತ್ತಿತ್ತು. ಅರಿಸಿನ ಕುಂಕುಮಕ್ಕೆ ಬಂದ ಹೆಂಗಸರು ಅದನ್ನು ನೋಡಿ ನಗುತ್ತಿದ್ದರು. ಅದಕ್ಕೆ ಕಣ್ಣೂ ಇರಲಿಲ್ಲ, ಬಾಯೂ ಇರಲಿಲ್ಲ.

ಉಣ್ಣೆಯ ನೂಲನ್ನು ಸ್ವೆಟರಿಗೆ ಇಟ್ಟುಕೊಳ್ಳಿ. ಇಷ್ಟು ಚಿಕ್ಕ ವಸ್ತುಗಳಿಗೆ ಹತ್ತಿಯ ದಾರವೇ ಸರಿ, ಏಕೆಂದರೆ ಅದು ಹಿಗ್ಗುವುದು ಕಡಿಮೆ ಮತ್ತು ಆಕಾರವನ್ನು ಬಿಟ್ಟುಕೊಡುವುದಿಲ್ಲ. ಸ್ಟೀಲ್ ಲೋಟಕ್ಕೆ ತಿಳಿ ಬೂದು, ಹಿತ್ತಾಳೆಗೆ ಸಾಸಿವೆ ಹಳದಿ. ಕಡ್ಡಿ ದಾರದ ಚೀಟಿಯಲ್ಲಿ ಹೇಳಿದ್ದಕ್ಕಿಂತ ಸಣ್ಣದಿರಲಿ, ಕುಣಿಕೆಯೊಳಗೆ ಅದು ತುಸು ಬಿಗಿಯಾಗಿಯೇ ನುಗ್ಗಬೇಕು. ಸಡಿಲವಾಗಿ ಹೆಣೆದು ಬಳಿಕ ಸಂದುಗಳ ಬಗ್ಗೆ ದೂರುವವರಿಗೆ ನನ್ನಲ್ಲಿ ಉತ್ತರವಿಲ್ಲ. ಹಾಗೆಯೇ, ಹಬ್ಬಕ್ಕೆಂದು ಹಿತ್ತಾಳೆ ಪಾತ್ರೆಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕಿದ ಕೈಯಲ್ಲೇ ದಾರ ಮುಟ್ಟಬೇಡಿ. ಆ ಪಾತ್ರೆಗಳನ್ನಾದರೂ ತೊಳೆದ ಕೂಡಲೇ ಒಣಬಟ್ಟೆಯಲ್ಲಿ ಒರೆಸಿಡಿ. ನೀರು ತಾನಾಗಿ ಆರಲಿ ಎಂದು ಬಿಟ್ಟರೆ ಮತ್ತೆ ಕಲೆ ಕಟ್ಟುತ್ತದೆ.

ಇನ್ನು ತಳದ ವಿಷಯ. ನಾನು ಪಟ್ಟು ಹಿಡಿದು ಹೇಳುವುದು ಇದನ್ನೇ. ಬಿಗಿದರೆ ಮುಚ್ಚಿಕೊಳ್ಳುವ ಕುಣಿಕೆಯಲ್ಲಿ 6 ಸಿಂಗಲ್ ಕ್ರೋಶಾ, ಎಂದರೆ ಗಿಡ್ಡನೆಯ ಸಾದಾ ಸ್ಟಿಚ್ಚು, ಹಾಕಿ, ಪ್ರತಿ ಸುತ್ತಿಗೂ ಆರಾರು ಏರಿಸುತ್ತಾ (ಆರು ಕಡೆ ಒಂದೇ ಸ್ಟಿಚ್ಚಿನಲ್ಲಿ ಎರಡು ಹೆಣೆಯುತ್ತಾ) 12, 18, 24ರವರೆಗೆ ಬನ್ನಿ. ಪ್ರತಿ ಸುತ್ತಿನ ಮೊದಲ ಸ್ಟಿಚ್ಚಿಗೆ ಬೇರೆ ಬಣ್ಣದ ದಾರದ ಗುರುತು ಇರಲಿ, ನೆನಪನ್ನು ನಂಬಬೇಡಿ. ಅಲ್ಲಿಗೆ ಚಪ್ಪಟೆಯಾದ ಬಿಲ್ಲೆಯಾಯಿತು. ಮುಂದಿನ ಒಂದೇ ಒಂದು ಸುತ್ತನ್ನು, ಏರಿಸದೆ, ಪ್ರತಿ ಸ್ಟಿಚ್ಚಿನ ನೆತ್ತಿಯ ಮೇಲಿರುವ ಎರಡು ಎಳೆಗಳಲ್ಲಿ ನಿಮ್ಮಿಂದ ಆಚೆಗಿರುವ ಎಳೆಗೆ ಮಾತ್ರ ಕಡ್ಡಿ ಚುಚ್ಚಿ ಹೆಣೆಯಬೇಕು. ಈಚೆಯ ಎಳೆ ಹಾಗೆಯೇ ಉಳಿದು ತಳದ ಅಂಚಿನಲ್ಲಿ ಸಣ್ಣ ಏಣು ಏಳುತ್ತದೆ, ಗೋಡೆ ಅಲ್ಲಿಂದ ನೆಟ್ಟಗೆ ಮೇಲೇಳುತ್ತದೆ. ಆಮೇಲೆ ಎಂದಿನಂತೆ ಎರಡೂ ಎಳೆ ಹಿಡಿದು, ಅದೇ 24ರಲ್ಲಿ, ನಿಜವಾದ ಲೋಟವನ್ನು ಪಕ್ಕದಲ್ಲಿಟ್ಟುಕೊಂಡು ಅದರ ಅಂದಾಜಿಗೆ ಹೆಣೆಯುತ್ತಾ ಹೋಗಿ. ಮೂರು ನಾಲ್ಕು ಸುತ್ತಾದ ಮೇಲೆ ನಿಲ್ಲಿಸಿ ಮೈ ನೋಡಿ: ಇಂಗ್ಲಿಷಿನ ವೀ ಅಕ್ಷರದಂಥ ಸಾಲು ಹೊರಗೆ ಕಾಣಬೇಕು. ಅಡ್ಡ ಗೀಟುಗಳು ಕಂಡರೆ ಅದು ಒಳಮೈ, ಆಗಲೇ ತಿರುವಿ ಹಾಕಿ.

ಈಗ ತೆಳುವಾದ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದಿಂದ ಒಂದು ಬಿಲ್ಲೆ ಕತ್ತರಿಸಬೇಕು, ತಳಕ್ಕಿಂತ ಒಂದು ಕೂದಲೆಳೆ ಚಿಕ್ಕದು. ದೊಡ್ಡದಾದರೆ ಏಣನ್ನು ಹೊರಕ್ಕೆ ದೂಡುತ್ತದೆ. ತೀರ ಚಿಕ್ಕದಾದರೆ ಒಳಗೆ ಓಲಾಡುತ್ತದೆ. ಕತ್ತರಿಸಿದ ಅಂಚನ್ನು ಉಗುರು ತೀಡುವ ಅರದಿಂದ ಸುತ್ತಲೂ ನಯಗೊಳಿಸಿ, ಬೆರಳಾಡಿಸಿ ನೋಡಿ, ಎಲ್ಲಿಯೂ ತರಚಬಾರದು, ಇಲ್ಲವಾದರೆ ಕ್ರಮೇಣ ದಾರವನ್ನೇ ಕುಯ್ಯುತ್ತದೆ. ಮದುವೆಯ ಕರೆಯೋಲೆಯ ರಟ್ಟನ್ನು ಹಾಕುವವರನ್ನು ನೋಡಿದ್ದೇನೆ. ಒಮ್ಮೆ ಒಗೆದರೆ ರಟ್ಟು ಮೆತ್ತಗಾಗಿ ಮುದುಡುತ್ತದೆ, ತಳ ಮತ್ತೆ ಉಬ್ಬುತ್ತದೆ. ಬಿಲ್ಲೆಯನ್ನು ಕೂರಿಸಿ, ಪಾಲಿಯೆಸ್ಟರ್ ತುಂಬನ್ನು ಚಿಟಿಕೆ ಚಿಟಿಕೆಯಾಗಿ, ಮೊದಲು ಅಂಚುಗಳಿಗೆ, ಆಮೇಲೆ ನಡುವಿಗೆ, ಕಡ್ಡಿಯ ಮೊಂಡು ತುದಿಯಿಂದ ಒತ್ತುತ್ತಾ ತುಂಬಿ. ಹತ್ತಿ ಬೇಡ, ನೀರು ಬಿದ್ದರೆ ಗಂಟು ಗಂಟಾಗುತ್ತದೆ.

ಕಾಫಿಗೆ ಕಂದು ದಾರದಲ್ಲಿ ಅದೇ 24ರ ಬಿಲ್ಲೆಯನ್ನು ಹೆಣೆದು ಬಾಯಿಗಿಂತ ಒಂದೆರಡು ಸುತ್ತು ಕೆಳಗೆ ಹೊಲಿಯಿರಿ, ಅದರ ಅಂಚಿನುದ್ದಕ್ಕೂ ಕೆನೆಬಣ್ಣದ ದಾರವನ್ನು ಬೇಕೆಂದೇ ಸಡಿಲಬಿಟ್ಟು ಕುಣಿಕೆ ಎಬ್ಬಿಸಿದರೆ ನೊರೆ ಸಿದ್ಧ. ಕೊನೆಯ ಸುತ್ತಿನಲ್ಲಿ ಆರು ಸ್ಟಿಚ್ಚಿಗೊಂದರಂತೆ ಏರಿಸಿದರೆ ಲೋಟದ ಕಂಠ ಹೊರಕ್ಕೆ ಬಾಗುತ್ತದೆ. ಲೋಟಕ್ಕೆ ಮುಖ ಬೇಕೇ ಬೇಕೆನ್ನುವವರು ತುಂಬನ್ನು ಹಾಕುವ ಮೊದಲೇ ಕಪ್ಪು ದಾರದಲ್ಲಿ ಅರೆಮುಚ್ಚಿದ ಎರಡು ಕಣ್ಣುಗಳನ್ನು ಕಸೂತಿ ಹಾಕಿಕೊಳ್ಳಲಿ, ಅದೂ ನಡುಮಟ್ಟಕ್ಕಿಂತ ಕೆಳಗೆ, ಒಂದರಿಂದೊಂದು ದೂರದಲ್ಲಿ; ಬೆಳಗಿನ ಕಾಫಿ ಇನ್ನೂ ಕುಡಿಯದ ಮುಖ ಅಷ್ಟರಲ್ಲೇ ಬಂದುಬಿಡುತ್ತದೆ. ಹುಬ್ಬು, ಮೀಸೆ, ಟೋಪಿ ಎಲ್ಲವನ್ನೂ ಒಂದೇ ಲೋಟದ ಮೇಲೆ ಹೇರಬೇಡಿ. ಮಣಿಯ ಕಣ್ಣುಗಳಂತೂ ಚಿಕ್ಕ ಮಕ್ಕಳಿರುವ ಮನೆಗೆ ಬೇಡವೇ ಬೇಡ, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ.

ಉಳಿದ ದಾರದ ತುದಿಗಳನ್ನು ಸೂಜಿಯಿಂದ ತುಂಬಿನ ನಡುವೆ ಎರಡು ಮೂರು ದಿಕ್ಕಿಗೆ ಹಾಯಿಸಿ ಆಮೇಲೆ ಕತ್ತರಿಸಿ. ಧೂಳು ಹಿಡಿದಾಗ ತಣ್ಣೀರಿನಲ್ಲಿ ಅದ್ದಿ, ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ ನೆರಳಿನಲ್ಲಿ ಆರಿಸಿ. ಕಂದು ದಾರವನ್ನು ಮಾತ್ರ ಕೊಂಡು ತಂದ ದಿನವೇ ಒದ್ದೆ ಮಾಡಿ ಬಿಳಿಯ ಬಟ್ಟೆಗೆ ಉಜ್ಜಿ ನೋಡಿ, ಬಣ್ಣ ಬಿಡುವ ದಾರವಾದರೆ ನೊರೆಯ ಪಕ್ಕಕ್ಕೆ ಅದನ್ನು ತರಲೇಬೇಡಿ.