ಸಕ್ಕರೆ ಕಾಯಿಲೆಯವರ ಮನೆ ಶುಶ್ರೂಷೆ: ಆರೈಕೆ ಮಾಡುವವರಿಗೆ ಕೆಲವು ಕ್ರಮಗಳು

ಮಧುಮೇಹ, ಥೈರಾಯ್ಡ್ ಮುಂತಾದ ಹಾರ್ಮೋನು ತೊಂದರೆಗಳಿಗೆ ಔಷಧಿಯನ್ನು ನಿರ್ಧರಿಸುವವರು ವೈದ್ಯರೇ ಆದರೂ, ಅದು ಸರಿಯಾದ ಹೊತ್ತಿಗೆ, ಸರಿಯಾದ ಅಳತೆಯಲ್ಲಿ, ಊಟಕ್ಕೆ ಹೊಂದಿಕೊಂಡು ಮೈಗೆ ಸೇರುವಂತೆ ನೋಡಿಕೊಳ್ಳುವ ಹೊಣೆ ರೋಗಿಯ ಪಕ್ಕದಲ್ಲಿರುವವರದ್ದು. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಮನೆಗಳಲ್ಲಿ ಈ ಹೊಣೆ ಹೆಚ್ಚಾಗಿ ಹೋಂ ನರ್ಸ್‌ಗಳ ಮೇಲೆ ಅಥವಾ ಮಗಳು, ಸೊಸೆಯರ ಮೇಲೆ ಬೀಳುತ್ತದೆ. ಮುಂದಿನ ಮಾತುಗಳು ಅವರಿಗಾಗಿ.

ಆರೈಕೆ ವಹಿಸಿಕೊಂಡ ಮೊದಲ ದಿನವೇ ಮನೆಯಲ್ಲಿರುವ ಎಲ್ಲ ಔಷಧಿಗಳನ್ನೂ ಚೀಟಿಗಳನ್ನೂ ಮೇಜಿನ ಮೇಲೆ ಹರಡಿ ನೋಡಬೇಕು. ನಮ್ಮ ಕಡೆಯ ಅನೇಕರು ದೊಡ್ಡ ತಪಾಸಣೆಗೆ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. ತಿಂಗಳ ಮಾತ್ರೆಗಳನ್ನು ಊರಿನ ಕುಟುಂಬ ಆರೋಗ್ಯ ಕೇಂದ್ರದಿಂದ ತರುತ್ತಾರೆ. ಎರಡೂ ಕಡೆಗಳಿಂದ ಬಂದ, ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಬೇರೆ ಬೇರೆ ಕಂಪನಿಯ ಹೆಸರು ಹೊತ್ತಿದ್ದರೆ, ಒಂದೇ ಔಷಧಿಯನ್ನು ದಿನಕ್ಕೆ ಎರಡು ಪಾಲು ನುಂಗುವ ಅಪಾಯವಿದೆ. ಆದ್ದರಿಂದ ದೊಡ್ಡ ಅಕ್ಷರದ ಹೆಸರನ್ನು ಬಿಟ್ಟು, ಮಾತ್ರೆಯ ಹಾಳೆಯ ಮೇಲೆ ಸಣ್ಣ ಅಕ್ಷರದಲ್ಲಿರುವ ಮೂಲ ಔಷಧಿಯ ಹೆಸರನ್ನೇ ಓದಿ ಪಟ್ಟಿ ಮಾಡಿ, ಆ ಪಟ್ಟಿಯನ್ನು ವೈದ್ಯರಿಗೆ ತೋರಿಸಬೇಕು. ಚೀಟಿಯ ಸೂಚನೆ ಮಲಯಾಳದಲ್ಲಿದ್ದು ಹಿರಿಯರಿಗೆ ಕನ್ನಡ ಮಾತ್ರ ಓದಲು ಬರುವುದಾದರೆ, ಯಾವ ಮಾತ್ರೆ ತಿಂಡಿಗೆ ಮೊದಲು, ಯಾವುದು ಊಟದ ನಂತರ ಎಂಬುದನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಬೇಕು.

ಇನ್ಸುಲಿನ್ ಕೊಡುವಾಗ ಆಗುವ ತಪ್ಪುಗಳಲ್ಲಿ ಬಹಳ ಅಪಾಯಕಾರಿಯಾದದ್ದು ಸಿರಿಂಜಿಗೆ ಸಂಬಂಧಿಸಿದ್ದು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿಗಳಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇನ್ಸುಲಿನ್ ಇರುತ್ತದೆ. ಇನ್ಸುಲಿನ್ ಪೆನ್ನಿಗೆ ಹಾಕುವ ಕಾರ್ಟ್ರಿಜ್‌ಗಳಲ್ಲಿಯೂ ಕೆಲವು ಬಾಟಲಿಗಳಲ್ಲಿಯೂ 100 ಯೂನಿಟ್ ಇರುತ್ತದೆ. ಕೆಂಪು ಮುಚ್ಚಳದ ಸಿರಿಂಜು 40ರದಕ್ಕೆ, ಕಿತ್ತಳೆ ಮುಚ್ಚಳದ್ದು 100ರದಕ್ಕೆ. 100ರ ಇನ್ಸುಲಿನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಔಷಧಿ ಮೈಗೆ ಹೋಗುತ್ತದೆ. ಹೊಸ ಬಾಟಲಿ ತಂದಾಗಲೆಲ್ಲ ಬಾಟಲಿಯ ಅಂಕಿಯನ್ನೂ ಸಿರಿಂಜಿನ ಅಂಕಿಯನ್ನೂ ಗಟ್ಟಿಯಾಗಿ ಓದಿ ತಾಳೆ ನೋಡುವ ಅಭ್ಯಾಸ ಇರಲೇಬೇಕು. ಬಿಳಿಯಾಗಿ ಮಬ್ಬಾಗಿರುವ ಮಿಶ್ರ ಇನ್ಸುಲಿನನ್ನು ಜೋರಾಗಿ ಕುಲುಕದೆ ಅಂಗೈಗಳ ನಡುವೆ ಮೆಲ್ಲನೆ ಹೊರಳಿಸಬೇಕು. ಹೊಟ್ಟೆಗೆ ಚುಚ್ಚುವುದಾದರೆ ಹೊಕ್ಕುಳಿನ ಸುತ್ತಲಿನ ಜಾಗವನ್ನು ಬಿಟ್ಟು, ಪ್ರತಿ ಸಲ ಸ್ವಲ್ಪ ಸರಿದು ಚುಚ್ಚಬೇಕು. ಒಂದೇ ಕಡೆ ಚುಚ್ಚುತ್ತಿದ್ದರೆ ಚರ್ಮದ ಅಡಿಯಲ್ಲಿ ಕೊಬ್ಬಿನ ಗಂಟು ಬೆಳೆದು ಔಷಧಿ ಸರಿಯಾಗಿ ಹೀರಿಕೆಯಾಗುವುದಿಲ್ಲ. ಹಾಗೆ ಗಂಟಾಗಿರುವ ಜಾಗದಿಂದ ಮೆತ್ತನೆಯ ಚರ್ಮಕ್ಕೆ ಬದಲಿಸಿದ ದಿನಗಳಲ್ಲಿ ಅದೇ ಅಳತೆಯೂ ಹೆಚ್ಚಾಗಿ ಸಕ್ಕರೆ ಕುಸಿಯಬಹುದಾದ್ದರಿಂದ, ಬದಲಾವಣೆಯ ಮೊದಲು ವೈದ್ಯರಿಗೆ ತಿಳಿಸಿ, ಆ ದಿನಗಳಲ್ಲಿ ಪರೀಕ್ಷೆಯನ್ನು ಹೆಚ್ಚಿಸಬೇಕು. ತೆರೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಲಿ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಬಳಸಬಾರದು.

ರಕ್ತ ಪರೀಕ್ಷೆಗೆ ಮೊದಲು ರೋಗಿಯ ಕೈಯನ್ನು ಸೋಪಿನಿಂದ ತೊಳೆದು ಒರಸಬೇಕು. ಹಲಸಿನ ಹಣ್ಣು ಬಿಡಿಸಿದ ಬೆರಳಿನಿಂದ ತೆಗೆದ ರಕ್ತ ಇಲ್ಲದ ಸಕ್ಕರೆಯನ್ನು ತೋರಿಸುತ್ತದೆ, ಅದನ್ನು ನಂಬಿ ಇನ್ಸುಲಿನ್ ಹೆಚ್ಚಿಸಿದರೆ ಅನಾಹುತವಾಗುತ್ತದೆ.

ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಬೇಕಾದ ಇನ್ಸುಲಿನನ್ನು ಅನ್ನ ಸಿದ್ಧವಿದೆ ಎಂದು ಕಣ್ಣಾರೆ ಕಂಡ ಮೇಲೆಯೇ ಕೊಡಬೇಕು. ಮದುವೆ, ಪೂಜೆಗಳಲ್ಲಿ ಊಟದ ಮೊದಲ ಹಂತಿಯಲ್ಲಿ ಜಾಗ ಸಿಗದೆ ಎರಡನೆಯ ಹಂತಿಗೆ ಕಾಯಬೇಕಾಗುವುದು ಇಲ್ಲಿ ದಿನನಿತ್ಯದ ಸಂಗತಿ. ಮನೆಯಲ್ಲೇ ಚುಚ್ಚಿಸಿಕೊಂಡು ಹೊರಟ ಹಿರಿಯರು ಹಾಗೆ ಕಾಯುತ್ತ ಕುಳಿತಾಗಲೇ ಕುಸಿಯುತ್ತಾರೆ. ಏಕಾದಶಿ ಉಪವಾಸ, ರಮಝಾನ್ ಉಪವಾಸಗಳನ್ನು ಆಚರಿಸುವವರಿದ್ದರೆ ಔಷಧಿಯ ಹೊತ್ತು ಮತ್ತು ಅಳತೆಯನ್ನು ಕೆಲವು ವಾರಗಳ ಮೊದಲೇ ವೈದ್ಯರಲ್ಲಿ ಕೇಳಿ ಬದಲಿಸಿಕೊಳ್ಳಬೇಕು. ಕುಚ್ಚಲಕ್ಕಿ ಗಂಜಿಯನ್ನು ಲಘು ಆಹಾರವೆಂದು ಭಾವಿಸಿ ಎರಡು ಮೂರು ಬಟ್ಟಲು ಬಡಿಸುವುದೂ ಸರಿಯಲ್ಲ; ಅಳತೆ ಒಂದೇ ಇರಲಿ, ಪಕ್ಕದಲ್ಲಿ ಹೆಸರುಬೇಳೆ, ಬಸಳೆ ಅಥವಾ ಮೀನು ಇರಲಿ.

ಸಕ್ಕರೆ ಇಳಿಯುವುದನ್ನು ಮೊದಲು ಗುರುತಿಸಬಲ್ಲವರು ಜೊತೆಯಲ್ಲಿರುವವರೇ. ಬೆವರು, ಕೈನಡುಕ, ಎದೆಬಡಿತ, ಹಸಿವು, ಕಣ್ಣು ಮಂಜಾಗುವುದು ಸಾಮಾನ್ಯ ಲಕ್ಷಣಗಳು. ಆದರೆ ಹಿರಿಯರಲ್ಲಿ ಇವು ಕಾಣದೆ, ಕಾರಣವಿಲ್ಲದ ಸಿಟ್ಟು, ತೊದಲು ಮಾತು, ಅರೆನಿದ್ರೆಯಾಗಿ ಕಾಣಿಸಿಕೊಳ್ಳಬಹುದು. ರಕ್ತದೊತ್ತಡಕ್ಕೆ ಮೆಟೊಪ್ರೊಲಾಲ್‌ನಂತಹ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಡುಕ, ಎದೆಬಡಿತಗಳು ಮರೆಯಾಗಿ ಬೆವರು ಮಾತ್ರ ಉಳಿಯಬಹುದು. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿ.ಗ್ರಾಂಗಿಂತ ಕೆಳಗಿದ್ದರೆ ಮೂರು ಚಮಚ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಏರದಿದ್ದರೆ ಇನ್ನೊಮ್ಮೆ ಕುಡಿಸಬೇಕು, ಏರಿದ ಮೇಲೆ ಊಟ ಕೊಡಬೇಕು. ಬಂದವರಿಗೆ ಬೆಲ್ಲ ನೀರು ಕೊಡುವ ನಾಡಿನಲ್ಲಿ ಕೈಗೆ ಮೊದಲು ಸಿಗುವುದು ಬೆಲ್ಲವೇ. ಬೇರೇನೂ ಇಲ್ಲದಾಗ ಅದೂ ಆಗಬಹುದು. ಆದರೆ ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನು ನಿಧಾನಗೊಳಿಸುವ ವೊಗ್ಲಿಬೋಸ್ ಮಾತ್ರೆ ನುಂಗುವವರಿಗೆ ಸಕ್ಕರೆಯೂ ಬೆಲ್ಲವೂ ಬೇಗ ಹಿಡಿಯುವುದಿಲ್ಲ, ಅವರಿಗೆ ಗ್ಲೂಕೋಸೇ ಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಯಾವುದನ್ನೂ ಹಾಕಬಾರದು. ಮಗ್ಗುಲಾಗಿ ಮಲಗಿಸಿ ಕೂಡಲೇ 108ಕ್ಕೆ ಕರೆ ಮಾಡಬೇಕು. ಗ್ಲಿಮೆಪಿರೈಡ್‌ನಿಂದ ಇಳಿದ ಸಕ್ಕರೆ ಒಮ್ಮೆ ಏರಿದರೂ ಹಲವು ಗಂಟೆಗಳ ಬಳಿಕ ಮತ್ತೆ ಇಳಿಯಬಹುದಾದ್ದರಿಂದ, ಆ ರಾತ್ರಿ ರೋಗಿಯನ್ನು ಒಬ್ಬರನ್ನೇ ಮಲಗಲು ಬಿಡಬಾರದು.

ಜ್ವರ, ವಾಂತಿ ಇದ್ದು ಊಟ ಸೇರದಿದ್ದಾಗ ಇನ್ಸುಲಿನನ್ನು ತಾವಾಗಿ ಪೂರ್ತಿ ನಿಲ್ಲಿಸಬಾರದು. ಮೈ ಹುಷಾರಿಲ್ಲದಾಗ ಊಟವಿಲ್ಲದೆಯೂ ಸಕ್ಕರೆ ಏರುತ್ತದೆ. ನಾಲ್ಕು ಗಂಟೆಗೊಮ್ಮೆ ಪರೀಕ್ಷಿಸಿ ವೈದ್ಯರನ್ನು ಕೇಳಬೇಕು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಆ ದಿನಗಳಲ್ಲಿ ತಡೆಹಿಡಿಯಬೇಕೇ ಎಂದೂ ವಿಚಾರಿಸಬೇಕು. ಹೊಟ್ಟೆನೋವು, ನಿಲ್ಲದ ವಾಂತಿ, ಆಳವಾದ ವೇಗದ ಉಸಿರಾಟ, ಉಸಿರಿನಲ್ಲಿ ಹಣ್ಣಿನ ವಾಸನೆ ಕಂಡರೆ ಮನೆಯಲ್ಲಿ ಕಾಯುವ ಮಾತೇ ಇಲ್ಲ, ಆಸ್ಪತ್ರೆಗೆ ಹೊರಡಬೇಕು.

ಪಾದದ ವಿಷಯದಲ್ಲಿ ನಮ್ಮ ಊರಿನ ಬದುಕೇ ಎದುರಾಗಿ ನಿಂತಿದೆ. ಅಡಿಕೆ ತೋಟದಲ್ಲಿ ಬರಿಗಾಲಿನಲ್ಲಿ ನಡೆದು ರೂಢಿಯಾದವರಿಗೆ ಚಪ್ಪಲಿ ಹಾಕಿಸುವುದು ಸುಲಭವಲ್ಲ. ನರಗಳು ಸ್ಪರ್ಶ ಕಳೆದುಕೊಂಡಿದ್ದರೆ ಮುಳ್ಳು ಚುಚ್ಚಿದ್ದು ಅವರಿಗೆ ತಿಳಿಯುವುದೂ ಇಲ್ಲ. ಪ್ರತಿ ಸಂಜೆ ಕಾಲು ತೊಳೆದು, ಬೆರಳುಗಳ ಸಂದಿಯನ್ನು ಒಣಗುವಂತೆ ಒರಸಿ, ಅಂಗಾಲನ್ನು ಬೆಳಕಿನಲ್ಲಿ ನೋಡಬೇಕು. ಮಳೆಗಾಲದಲ್ಲಿ ಸಂದಿಯ ಬಿಳಿ ಹುಣ್ಣು ಬೇಗ ಕೀವಾಗುತ್ತದೆ. ಬಿಸಿನೀರಿನಲ್ಲಿ ಕಾಲಿಡಿಸುವುದು, ಆಣಿಯನ್ನು ಬ್ಲೇಡಿನಿಂದ ಕೆರೆಯುವುದು ಖಂಡಿತ ಬೇಡ.

ಥೈರಾಯ್ಡ್ ಕಡಿಮೆ ಇರುವವರ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಿ ನೀರಿನೊಂದಿಗೆ ಕೊಟ್ಟು, ಕಾಫಿ ತಿಂಡಿಗೆ ಕನಿಷ್ಠ ಅರ್ಧ ಗಂಟೆ ಬಿಡಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರವಿರಲಿ. ಥೈರಾಯ್ಡ್ ಹೆಚ್ಚಿದ್ದು ಕಾರ್ಬಿಮಜೋಲ್ ತೆಗೆದುಕೊಳ್ಳುವವರಿಗೆ ಗಂಟಲು ನೋವು, ಜ್ವರ ಬಂದರೆ ಅಂದೇ ಬಿಳಿ ರಕ್ತಕಣಗಳ ಪರೀಕ್ಷೆ ಆಗಬೇಕು. ಬಹುಕಾಲ ಸ್ಟೀರಾಯ್ಡ್ ಮಾತ್ರೆ ನುಂಗಿದವರಲ್ಲಿ ಮಾತ್ರೆ ಹಠಾತ್ತಾಗಿ ನಿಂತರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಕುತ್ತು ಬರಬಹುದು. ಹಾಗಾಗಿ ಮಾತ್ರೆ ಮುಗಿಯುವ ಒಂದು ವಾರ ಮೊದಲೇ ತರಿಸಿಟ್ಟುಕೊಂಡು, ಅವರು ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವ ವಿಷಯವನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇರಿಸಬೇಕು.