ಹತ್ತು ಮೈಕ್ರಾನ್ ದಪ್ಪ

ಮಡಿಕೇರಿಯಲ್ಲಿ ಮಳೆ ಹಿಡಿಯಿತೆಂದರೆ ನನ್ನ ಮೊದಲ ಚಿಂತೆ ಸೂಕ್ಷ್ಮದರ್ಶಕದ ಮಸೂರಗಳದ್ದು. ವಾರಗಟ್ಟಲೆ ಬಿಸಿಲು ಕಾಣದ ಊರಿನಲ್ಲಿ ಚಪ್ಪಲಿಗೆ ಹಿಡಿದಂತೆಯೇ ಗಾಜಿಗೂ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಮಸೂರಗಳನ್ನು ಸಿಲಿಕಾ ಜೆಲ್ ಜೊತೆಗೆ ಬಿಗಿ ಡಬ್ಬಿಯಲ್ಲಿಡುತ್ತೇನೆ, ಕಪಾಟಿನೊಳಗೆ ಒಂದು ಸಣ್ಣ ಬಲ್ಬು ಸದಾ ಉರಿಯುತ್ತಿರುತ್ತದೆ. ಅಂಥ ಒಂದು ಜುಲೈಯಲ್ಲಿ ನಾನು ಒಂದು ಅಂಗಾಂಶ ಪರೀಕ್ಷೆಗೆ ತಪ್ಪು ವರದಿ ಕೊಟ್ಟೆ. ತಪ್ಪು ಮಸೂರದ್ದಾಗಿರಲಿಲ್ಲ.

ಐವತ್ತು ದಾಟಿದ ಹೆಂಗಸು, ಕಾಫಿ ತೋಟದಲ್ಲಿ ಕೆಲಸ. 18 ವರ್ಷಗಳಿಂದ ಸಂಧಿವಾತ. ನೋವು ತಡೆಯಲಾಗದ ದಿನ ಮಾತ್ರ ಮಾತ್ರೆ ನುಂಗಿ, ಬೆರಳು ಮಡಚಲು ಬಾರದಿದ್ದರೂ ಕೊಯ್ಲು ಮುಗಿಸಿದವರು. ಈಗ ಕಾಲು ಊದಿಕೊಂಡಿತ್ತು, ಮೂತ್ರದಲ್ಲಿ ಸೋಪಿನಂತೆ ನೊರೆ. ಅವರನ್ನು ನೋಡುತ್ತಿದ್ದ ವೈದ್ಯರು ಗುದನಾಳದ ಒಳಪದರದ ಚೂರೊಂದನ್ನು ಬಯಾಪ್ಸಿ ತೆಗೆದು, ‘ಅಮೈಲಾಯ್ಡ್ ಇದೆಯೇ ನೋಡಿ’ ಎಂದು ಚೀಟಿ ಬರೆದು ಕಳಿಸಿದ್ದರು. ಅಮೈಲಾಯ್ಡ್ ಎಂದರೆ ಅಂಗಾಂಶಗಳಲ್ಲಿ ಎಳೆಎಳೆಯಾಗಿ ಕಟ್ಟಿಕೊಳ್ಳುವ ಪ್ರೋಟೀನ್.

ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿ ಮೈಕ್ರೋಟೋಮ್‌ನಲ್ಲಿ ಕೊಯ್ಯುವಾಗ ನಮ್ಮ ವಾಡಿಕೆಯ ದಪ್ಪ 3ರಿಂದ 4 ಮೈಕ್ರಾನ್. ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್. ತೆಳುವಾದಷ್ಟೂ ಜೀವಕೋಶಗಳು ಸ್ಪಷ್ಟ. ನಮ್ಮ ಟೆಕ್ನಿಷಿಯನ್ ಕೈ ಇದರಲ್ಲಿ ಪಳಗಿದ್ದು. ಮಾಮೂಲಿ ಬಣ್ಣ ಹಾಕಿದಾಗ ಸಣ್ಣ ರಕ್ತನಾಳಗಳ ಗೋಡೆ ಕೊಂಚ ದಪ್ಪವಾಗಿ, ಗುಲಾಬಿಯಾಗಿ, ಒಳರಚನೆಯೇ ಇಲ್ಲದಂತೆ ನುಣ್ಣಗೆ ಕಂಡಿತು. ಅನುಮಾನ ಬಂದಿತ್ತು. ಆದರೆ ಅಮೈಲಾಯ್ಡ್ ಹುಡುಕಲು ಬಳಸುವ ಕಾಂಗೋ ರೆಡ್ ಬಣ್ಣ ಹಾಕಿದ ಸ್ಲೈಡ್ ಮಂಕು ಕಿತ್ತಳೆ. ಅಮೈಲಾಯ್ಡ್ ಇದ್ದರೆ ಧ್ರುವೀಕೃತ ಬೆಳಕಿನಲ್ಲಿ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕಿನಲ್ಲಿ, ಅದು ಹಸಿರಾಗಿ ಮಿನುಗಬೇಕಿತ್ತು, ಏನೂ ಮಿನುಗಲಿಲ್ಲ. ‘ಅಮೈಲಾಯ್ಡ್ ಕಂಡುಬಂದಿಲ್ಲ’ ಎಂದು ಬರೆದು ಸಹಿ ಹಾಕಿದೆ.

ಮರುದಿನ ಆ ವೈದ್ಯರ ಫೋನ್. “ರೋಗಿಯನ್ನು ನೋಡಿದರೆ ನನಗೆ ನಂಬಿಕೆ ಬರುತ್ತಿಲ್ಲ. ದಯವಿಟ್ಟು ಇನ್ನೊಮ್ಮೆ ನೋಡುತ್ತೀರಾ?”

ಓದಿನ ದಿನಗಳ ಟಿಪ್ಪಣಿ ತೆಗೆದೆ. ನನ್ನದೇ ಕೈಬರಹದಲ್ಲಿ ಇತ್ತು: ಅಮೈಲಾಯ್ಡ್‌ಗೆ 8ರಿಂದ 10 ಮೈಕ್ರಾನ್ ದಪ್ಪ ಕೊಯ್ಯಬೇಕು. ಕಾಂಗೋ ರೆಡ್‌ನ ಅಣುಗಳು ಅಮೈಲಾಯ್ಡ್ ಎಳೆಗಳ ಉದ್ದಕ್ಕೂ ಸಾಲಾಗಿ ಕೂರುತ್ತವೆ. ಆ ಸಾಲುಗಳ ಮೂಲಕ ಬೆಳಕು ಸಾಕಷ್ಟು ದೂರ ಹಾದುಹೋದರೆ ಮಾತ್ರ ಬಣ್ಣ ಕಣ್ಣಿಗೆ ನಿಲುಕುತ್ತದೆ. ಬೇರೆಲ್ಲ ಕಡೆ ಗುಣವಾಗುವ ತೆಳುವು ಇಲ್ಲಿ ದೋಷ.

ಅಂಗಾಂಶ ಹುದುಗಿಸಿದ ಅದೇ ಮೇಣದ ಬ್ಲಾಕನ್ನು 10 ಮೈಕ್ರಾನ್‌ಗೆ ಕೊಯ್ಯಿಸಿದೆ. ಉಪ್ಪು ಕರಗುವಷ್ಟೂ ಕರಗಿಸಿದ 80 ಶೇಕಡಾ ಆಲ್ಕೋಹಾಲ್‌ಗೆ ಬಳಸುವ ಹೊತ್ತಿಗೆ ಸರಿಯಾಗಿ ಕಾಸ್ಟಿಕ್ ಸೋಡಾ ಸೇರಿಸಿ, ಸ್ಲೈಡನ್ನು 20 ನಿಮಿಷ ಅದರಲ್ಲಿಟ್ಟು, ಬಳಿಕ ಅಂಥದ್ದೇ ದ್ರಾವಣದಲ್ಲಿ ಕಲಸಿದ ಕಾಂಗೋ ರೆಡ್‌ನಲ್ಲಿ ಇನ್ನೊಂದು 20 ನಿಮಿಷ. ಬೇಡದ ಜಾಗಕ್ಕೆ ಬಣ್ಣ ಅಂಟದಂತೆ ಉಪ್ಪು ತಡೆಯುತ್ತದೆ. ಅಮೈಲಾಯ್ಡ್ ಇದೆಯೆಂದು ಮೊದಲೇ ಖಚಿತವಾದ ಅಂಗಾಂಶದ ಸ್ಲೈಡನ್ನೂ ಜೊತೆಗಿಟ್ಟೆ. ಅದು ಬಣ್ಣ ಕೊಡದಿದ್ದರೆ ಉಳಿದ ಯಾವ ಸ್ಲೈಡನ್ನೂ ನಂಬಬಾರದು.

ಕಿಟಕಿ ಮುಚ್ಚಿ, ದೀಪ ಆರಿಸಿ, ಸೂಕ್ಷ್ಮದರ್ಶಕದ ಬೆಳಕನ್ನು ಪೂರ್ತಿ ಏರಿಸಿ ಧ್ರುವಕ ಗಾಜನ್ನು ನಿಧಾನ ತಿರುಗಿಸುತ್ತಾ ಹೋದೆ. ಮೊದಲು ಮಿಂಚಿದ್ದು ಕೊಲಾಜೆನ್, ಬೆಳ್ಳಗೆ, ಬೆಳ್ಳಿಯಂತೆ. ಹೊಸಬರು ಮೋಸಹೋಗುವುದು ಇಲ್ಲೇ. ಇನ್ನೂ ಸ್ವಲ್ಪ ತಿರುಗಿಸಿದಾಗ ರಕ್ತನಾಳದ ಗೋಡೆ ಹಸಿರಾಗಿ ಹೊತ್ತಿಕೊಂಡಿತು. ಪುಸ್ತಕಗಳು ಅದನ್ನು ಸೇಬಿನ ಹಸಿರು ಎನ್ನುತ್ತವೆ. ನನಗೆ ಅದು ಭತ್ತದ ಸಸಿಮಡಿಯ ಹಸಿರು. ಕೂಡಲೇ ವೈದ್ಯರಿಗೆ ಫೋನ್ ಮಾಡಿ, ನನ್ನದು ತಪ್ಪಾಗಿದೆ ಎಂದು ಹೇಳಿ, ತಿದ್ದಿದ ವರದಿ ಕಳಿಸಿದೆ. ಬ್ಲಾಕನ್ನು ಬೆಂಗಳೂರಿಗೆ ಕಳಿಸಿ ಅಮೈಲಾಯ್ಡ್ ಯಾವ ಬಗೆಯದೆಂದೂ ಖಚಿತಪಡಿಸಿಕೊಂಡೆವು. ಬಗೆ ತಿಳಿಯದೆ ಚಿಕಿತ್ಸೆ ಆರಂಭಿಸುವಂತಿಲ್ಲ.

ವರದಿ ಒಯ್ಯಲು ಬಂದ ಮಗಳು, “ಡಾಕ್ಟರೇ, ಅಮ್ಮನ ಮೈಯಲ್ಲಿ ಸೇರಿಕೊಂಡಿರುವುದು ಕೊಬ್ಬೇ?” ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. 1854ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಖೋ ಕೂಡ ಅಯೋಡಿನ್ ತಾಗಿದಾಗ ಬಣ್ಣ ತಿರುಗಿದ್ದನ್ನು ಕಂಡು ಇದು ಪಿಷ್ಟದಂಥದ್ದು ಎಂದುಕೊಂಡು ಅಮೈಲಾಯ್ಡ್ ಎಂದು ಕರೆದಿದ್ದರು. ಅದು ಪ್ರೋಟೀನ್ ಎಂದು ಐದೇ ವರ್ಷಗಳಲ್ಲಿ ಗೊತ್ತಾಯಿತು, ಹೆಸರು ಮಾತ್ರ ಉಳಿಯಿತು.

ಅವಳಿಗೆ ಜೇನಿನ ಉದಾಹರಣೆ ಕೊಟ್ಟೆ. ಬಾಟಲಿಯ ಜೇನು ತಿಂಗಳುಗಟ್ಟಲೆ ತಿಳಿಯಾಗಿರುತ್ತದೆ. ಒಂದು ಹರಳು ಕಟ್ಟಿತೆಂದರೆ ಉಳಿದದ್ದು ಅದನ್ನೇ ಹಿಡಿದು ಬೇಗಬೇಗನೆ ಗಟ್ಟಿಯಾಗುತ್ತದೆ. ಹರಳುಗಟ್ಟಿದ ಜೇನಿನ ಒಂದು ಚಮಚ ಹೊಸ ಬಾಟಲಿಗೆ ಹಾಕಿದರೆ ಅದೂ ಬೇಗ ಹರಳಾಗುತ್ತದೆ. ಪ್ರೋಟೀನೂ ಹೀಗೆಯೇ. ಸರಿಯಾಗಿ ಮಡಚಿಕೊಂಡಿದ್ದರೆ ರಕ್ತದಲ್ಲಿ ಕರಗಿರುತ್ತದೆ. ಮಡಿಕೆ ಬಿಚ್ಚಿಕೊಂಡ ಕೆಲವು ಅಣುಗಳು ಪಟ್ಟಿಗಳಾಗಿ ಒಂದರ ಮೇಲೊಂದು ಅಂಟುತ್ತವೆ. ಮೊದಲ ಬೀಜ ಕಟ್ಟಲು ವರ್ಷಗಳೇ ಬೇಕಾಗಬಹುದು, ಕಟ್ಟಿದ ಮೇಲೆ ಎಳೆ ತಡೆಯಿಲ್ಲದೆ ಬೆಳೆಯುತ್ತದೆ. ಎಳೆಯ ಅಗಲ ಸುಮಾರು 10 ನ್ಯಾನೋಮೀಟರ್, ಪಟ್ಟಿಯಿಂದ ಪಟ್ಟಿಗೆ ಅರ್ಧ ನ್ಯಾನೋಮೀಟರ್‌ಗೂ ಕಡಿಮೆ ಅಂತರ. ಇಷ್ಟು ಒತ್ತಾಗಿ ಪೇರಿಸಿದ್ದನ್ನು ದೇಹದ ಕಸ ತೆಗೆಯುವ ಜೀವಕೋಶಗಳು ಸುಲಭವಾಗಿ ಅರಗಿಸಲಾರವು.

ಹೀಗೆ ಎಳೆಗಟ್ಟಬಲ್ಲ ಪ್ರೋಟೀನ್‌ಗಳು ಮನುಷ್ಯರಲ್ಲಿ 30ಕ್ಕೂ ಹೆಚ್ಚು. ಮಜ್ಜೆಯ ಜೀವಕೋಶಗಳು ಅತಿಯಾಗಿ ಸುರಿಸುವ, ಪ್ರತಿಕಾಯಗಳ ತುಂಡುಗಳಾದ ಲಘು ಸರಪಳಿಗಳಿಂದ ಒಂದು ಬಗೆ, ವಯಸ್ಸಾದವರ ಹೃದಯದಲ್ಲಿ ಕೂರುವ ಟ್ರಾನ್ಸ್‌ಥೈರೆಟಿನ್‌ನಿಂದ ಇನ್ನೊಂದು. ಆಲ್ಜೈಮರ್‌ನಲ್ಲಿ ಮಿದುಳಿನಲ್ಲಿ ಕಟ್ಟುವುದು ಬೇರೆಯೇ ಪ್ರೋಟೀನ್, ಅದರ ಹೆಸರು ಕೇಳಿ ಇವರು ಹೆದರಬೇಕಿಲ್ಲ. ಈ ಅಮ್ಮನದು ಸೀರಮ್ ಅಮೈಲಾಯ್ಡ್ ಎ. ಉರಿಯೂತ ಇದ್ದಾಗ ಯಕೃತ್ತು ಇದನ್ನು ಸಾವಿರಪಟ್ಟಿನವರೆಗೂ ಹೆಚ್ಚು ತಯಾರಿಸಬಲ್ಲದು. ಎಂಟು ದಿನದ ಜ್ವರಕ್ಕೆ ಅದು ಏರಿ ಇಳಿಯುತ್ತದೆ, ಏನೂ ಆಗುವುದಿಲ್ಲ. 18 ವರ್ಷ ಆರದ ಕೀಲುಗಳ ಉರಿ ಅದನ್ನು ಇಳಿಯಲು ಬಿಟ್ಟಿರಲಿಲ್ಲ. ಅದರ ತುಂಡುಗಳು ಕೊನೆಗೆ ಮೂತ್ರಪಿಂಡದ ಸೋಸುಬಲೆಯಲ್ಲಿ ಕುಳಿತಿದ್ದವು.

“ಜೇನಾದರೆ ಬಿಸಿನೀರಿನಲ್ಲಿಟ್ಟರೆ ಕರಗುತ್ತದೆ. ಇದು?” ಎಂದಳು ಮಗಳು.

ಹಾಗೆ ಕರಗುವುದಿಲ್ಲ ಎಂದೆ. ಆದರೆ ಹೊಸದು ಸುರಿಯುವುದನ್ನು ನಿಲ್ಲಿಸಿದರೆ ಕಟ್ಟಿದ್ದೂ ಎಷ್ಟೋ ಸಲ ಮೆಲ್ಲಗೆ ಕಡಿಮೆಯಾಗುತ್ತದೆ, ಸಂಧಿವಾತದ ಮಾತ್ರೆ ಒಂದು ದಿನವೂ ತಪ್ಪಬಾರದು ಎಂದೂ ಹೇಳಿದೆ. ನೋವಿದ್ದಾಗ ಮಾತ್ರವಲ್ಲ, ನೋವಿಲ್ಲದಾಗಲೂ. ಅವಳು ಆ ಮಾತನ್ನು ವರದಿಯ ಲಕೋಟೆಯ ಮೇಲೆ ಬರೆದುಕೊಂಡಳು. ಮುಂದಿನ ಕೊಯ್ಲಿನ ಹೊತ್ತಿಗೆ ಅಮ್ಮನ ಕಾಲಿನ ಊತ ಇಳಿದಿತ್ತು, ಮೂತ್ರದಲ್ಲಿ ಹೋಗುವ ಪ್ರೋಟೀನ್ ಅರ್ಧಕ್ಕಿಂತ ಕಡಿಮೆಯಾಗಿತ್ತು.

ನಮ್ಮಲ್ಲಿ ಈಗ ಕಾಂಗೋ ರೆಡ್ ಕೇಳಿದ ಚೀಟಿ ಬಂದರೆ ಟೆಕ್ನಿಷಿಯನ್ ಬ್ಲಾಕಿನ ಮೇಲೆ ಕೆಂಪು ಪೆನ್ಸಿಲ್‌ನಲ್ಲಿ 10 ಎಂದು ಬರೆದ ನಂತರವೇ ಮೈಕ್ರೋಟೋಮ್ ಮುಟ್ಟುತ್ತಾರೆ.